ಬಾಗಿಲು ತಟ್ಟಿದ್ದು ತಪ್ಪಲ್ಲ, ಅವಳನ್ನು ಕೇಳಬೇಕಿತ್ತು

ಪ್ರಶ್ನೆ:

ಅಕ್ಕಾವ್ರೆ, ನಾವು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ನಮ್ಮದು ಹದಿನೈದು ಜನರ ಸ್ತ್ರೀಶಕ್ತಿ ಸಂಘ, ನಾನು ಅದರ ಪ್ರತಿನಿಧಿ. ನಮ್ಮ ಸಂಘದ ಒಬ್ಬ ತಂಗಿಗೆ ಗಂಡ ಮೊದಲಿನಿಂದಲೂ ಹೊಡೆಯುತ್ತಾನೆ. ಕುಡಿದಾಗ ಮಾತ್ರ ಅಂತೇನಿಲ್ಲ, ಕುಡಿಯದ ದಿನವೂ ಹೊಡೆತ ಇದ್ದದ್ದೇ. ಇಬ್ಬರು ಮಕ್ಕಳು. ಮೆಣಸಿನಕಾಯಿ ಸುಗ್ಗಿಯಲ್ಲಿ ನಾವೆಲ್ಲ ಒಟ್ಟಿಗೆ ತೊಟ್ಟು ಬಿಡಿಸಲು ಹೋಗುತ್ತೇವೆ. ತೋಳ ಮೇಲಿನ ಬಾಸುಂಡೆ ಕಂಡು ಕೇಳಿದರೆ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಿದ್ದಳು.

ದೀಪಾವಳಿ ಆದ ಮೇಲೆ ಒಂದು ರಾತ್ರಿ ಅವಳ ಕೂಗು ಕೇಳಲಾರದೆ ಏಳೆಂಟು ಮಂದಿ ಸೇರಿ ಅವರ ಮನೆಗೆ ನುಗ್ಗಿದೆವು. ಓಣಿಯ ಮಂದಿಯ ಎದುರಿಗೆ ಅವನಿಗೆ ಬಾಯಿಗೆ ಬಂದಂತೆ ಬೈದೆವು. ಮರುದಿನ ಹಿರಿಯರನ್ನು ಕೂಡಿಸಿದೆವು. ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ಅವಳಿಗೂ ಗಂಡನ ಮಾತು ಮೀರಬೇಡ ಅಂತ ಬುದ್ಧಿ ಹೇಳಿದರು. ನಾವು ಗೆದ್ದೆವು ಅಂದುಕೊಂಡೆವು.

ಅಂದಿನಿಂದ ಅವನು ಅವಳನ್ನು ಸಂಘಕ್ಕೆ ಕಳಿಸುತ್ತಿಲ್ಲ. ಮೊಬೈಲ್ ಕಿತ್ತುಕೊಂಡಿದ್ದಾನೆ. ಗೃಹಲಕ್ಷ್ಮಿ ಹಣ ಬರುವ ಪಾಸ್‌ಬುಕ್ಕು, ಎಟಿಎಂ ಕಾರ್ಡು ಅವನ ಹತ್ತಿರವೇ ಇವೆ. ಈಗ ಆ ಮನೆಯಿಂದ ಸದ್ದೇ ಬರುವುದಿಲ್ಲ. ನಲ್ಲಿಯ ಹತ್ತಿರ ಸಿಕ್ಕರೂ ತಲೆ ಎತ್ತುವುದಿಲ್ಲ. ಒಮ್ಮೆ ಅವಳ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡ ಹಾಗಾಯಿತು. ನಮ್ಮ ಗಂಡಂದಿರು, ‘ಗಂಡ ಹೆಂಡಿರ ಜಗಳದಾಗ ನೀವ್ಯಾಕ ಬಿದ್ರಿ?’ ಅಂತಾರೆ. ಅವಳ ಅಣ್ಣ ಹೊಂದಿಕೊಂಡು ಹೋಗಲಿ ಅಂದುಬಿಟ್ಟ. ಅವಳ ಬದುಕನ್ನು ನಾವೇ ಕೆಡಿಸಿದೆವೇ? ಪೊಲೀಸರಿಗೆ ನಾವೇ ಹೋಗಿ ದೂರು ಕೊಡಬೇಕೇ, ಇಲ್ಲಾ ಇಲ್ಲಿಗೇ ಕೈಬಿಡಬೇಕೇ?

ಉತ್ತರ:

ತಂಗೀ, ನೀವು ಅರ್ಧ ಅನುಮಾನದಲ್ಲೇ ಬರೆದ ಒಂದು ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡ ಹಾಗಾಯಿತು ಅಂದಿರಿ. ಅದು ನಿಜವಾಗಿದ್ದರೆ ಉಳಿದ ಪೆಟ್ಟುಗಳ ಜೊತೆಗೆ ಅದನ್ನು ಸೇರಿಸಿ ಎಣಿಸಬೇಡಿ. ಹೆಂಡತಿಯ ಕುತ್ತಿಗೆ ಹಿಸುಕಿದ ಗಂಡ ಮುಂದೊಂದು ದಿನ ಅವಳ ಜೀವವನ್ನೇ ತೆಗೆಯುವ ಸಾಧ್ಯತೆ ಬಹಳ ಹೆಚ್ಚು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಈ ಅಪಾಯ ಏಳು ಪಟ್ಟಿಗಿಂತಲೂ ಹೆಚ್ಚೆಂದು ಕಂಡುಬಂದಿತ್ತು. ಹೊರಗೆ ಗುರುತೇ ಇಲ್ಲದೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರುವುದೂ ಉಂಟು. ದನಿ ಒಡೆದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಎದ್ದಿದ್ದರೆ, ತಲೆಸುತ್ತು ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಅವಳಿಗೆ ಹೇಗಾದರೂ ಮಾಡಿ ತಿಳಿಸಿ. ಕೈಬಿಡಬೇಕೇ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರವೂ ಇದೇ. ಬಿಡಬೇಡಿ. ಆದರೆ ಹೋಗುವ ದಾರಿ ಬದಲಾಗಬೇಕು.

ಅವಳ ಬದುಕನ್ನು ಕೆಡಿಸಿದವರು ನೀವಲ್ಲ. ಹೊಡೆಯುವವನು ಅವನು, ಹೊಣೆಯೂ ಅವನದೇ. ಒಬ್ಬ ಹೆಣ್ಣಿನ ಕೂಗು ಕೇಳಿ ಹಾಸಿಗೆ ಬಿಟ್ಟೆದ್ದು ಬರುವ ಏಳೆಂಟು ಹೆಂಗಸರು ಎಲ್ಲ ಓಣಿಗಳಲ್ಲೂ ಸಿಗುವುದಿಲ್ಲ. ಆ ರಾತ್ರಿ ಹೊಡೆತ ನಿಂತಿತು, ಅದು ಸಣ್ಣ ಕೆಲಸವಲ್ಲ. ಎಡವಿದ್ದು ಅದಾದ ಮೇಲೆ. ನೀವು ಬೈದಿರಿ, ಹಿರಿಯರು ಬರೆಸಿಕೊಂಡರು, ಅವನು ಸಹಿ ಹಾಕಿದ. ಇಷ್ಟರ ನಡುವೆ ಅವಳಿಗೇನು ಬೇಕು ಎಂದು ಯಾರಾದರೂ ಕೇಳಿದಂತೆ ನಿಮ್ಮ ಪತ್ರದಲ್ಲಿ ಕಾಣಲಿಲ್ಲ. ಊರೆದುರು ತಲೆತಗ್ಗಿಸಿದ ಗಂಡಸು ಬಾಗಿಲು ಹಾಕಿಕೊಂಡ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ನೀವೆಲ್ಲ ನಿಮ್ಮ ನಿಮ್ಮ ಮನೆಗೆ ಹೋದಿರಿ, ಅವಳು ಅದೇ ಮನೆಯಲ್ಲಿ ಉಳಿದಳು. ಇನ್ನು ಮುಂದೆ ಏನೇ ಮಾಡುವ ಮುನ್ನ ಇದೊಂದನ್ನು ನಿಮ್ಮನಿಮ್ಮಲ್ಲೇ ಕೇಳಿಕೊಳ್ಳಿ: ಇದಕ್ಕಾಗಿ ಇವತ್ತು ರಾತ್ರಿ ಅವಳಿಗೆ ಪೆಟ್ಟು ಬೀಳುತ್ತದೆಯೇ?

ಆ ಮುಚ್ಚಳಿಕೆಯನ್ನಂತೂ ನಾನು ನಂಬುವುದಿಲ್ಲ. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಜೊತೆಗೆ ಕೂಡಿಸಿ ಇಬ್ಬರಿಗೂ ಬುದ್ಧಿ ಹೇಳಿದರೆ ತಪ್ಪು ಇಬ್ಬರದೂ ಎಂದು ತೀರ್ಪು ಕೊಟ್ಟಂತಾಯಿತು. ಗಂಡನ ಮಾತು ಮೀರಬೇಡ ಎಂಬ ಹಿರಿಯರ ಮಾತನ್ನೇ ಹಿಡಿದುಕೊಂಡು ಅವನು ಸಂಘ ಬೇಡ, ಫೋನು ಬೇಡ ಎನ್ನುತ್ತಿದ್ದಾನೆ ಎಂದು ನನ್ನ ಅಂದಾಜು. ಮತ್ತೆ ಹೊಡೆದರೆ ಏನಾಗುತ್ತದೆ, ಯಾರು ಬಂದು ವಿಚಾರಿಸುತ್ತಾರೆ, ಅವಳು ಯಾರಿಗೆ ಹೇಳಬೇಕು, ಇದ್ಯಾವುದೂ ಅಂಥ ಕಾಗದದಲ್ಲಿ ಇರುವುದಿಲ್ಲ. ಊರಲ್ಲಿ ಕೂತು ನ್ಯಾಯ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ನಮ್ಮ ರಾಜ್ಯದ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾದಾಗ ಕಟ್ಟಿದ್ದು ನಿಮ್ಮಂಥವರದೇ ಸಂಘಗಳನ್ನು. ಓದು ಬರಹ ಬಾರದ ಕೂಲಿ ಹೆಂಗಸರು ಅಲ್ಲಿ ಮುಂದೆ ನಾರಿ ಅದಾಲತ್ ನಡೆಸಿದರು. ಆ ಕಟ್ಟೆಯ ಮೇಲೆ ಕೂತವರು ಹೆಂಗಸರು, ಕಾನೂನಿನ ತಿಳಿವಳಿಕೆಯನ್ನು ತರಬೇತಿಯಲ್ಲಿ ಪಡೆದವರು, ನೊಂದವಳ ಮಾತಿಗೆ ಮೊದಲು ಕಿವಿಗೊಟ್ಟವರು. ನಿಮ್ಮೂರಿನಲ್ಲಿ ಆ ದಿನ ಕೂತವರು ಯಾರು, ಮೊದಲು ಮಾತಾಡಿದವರು ಯಾರು ಎಂದು ನೆನೆಸಿಕೊಂಡರೆ ಎರಡಕ್ಕೂ ಇರುವ ಅಂತರ ನಿಮಗೇ ತಿಳಿಯುತ್ತದೆ.

ಈಗ ಸದ್ದಿಲ್ಲ ಅಂದಿರಿ. ಸದ್ದಿಲ್ಲದ್ದಕ್ಕೆ ನನಗೆ ಹೆಚ್ಚು ಭಯವಾಗುತ್ತದೆ. ಫೋನು ಕಿತ್ತುಕೊಳ್ಳುವುದು, ಗೆಳತಿಯರಿಂದ ದೂರ ಮಾಡುವುದು, ಅವಳ ಖಾತೆಯ ಹಣ ತಾನಿಟ್ಟುಕೊಳ್ಳುವುದು, ಇವೂ ಹಿಂಸೆಯೇ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಅದರ 3ನೇ ಸೆಕ್ಷನ್ ಹೊಡೆತದ ಜೊತೆಗೆ ಲೈಂಗಿಕ ಹಿಂಸೆ, ಬೈಗುಳ ಮತ್ತು ಅವಮಾನ, ಹಣಕಾಸಿನ ಹಿಂಸೆ ಎಲ್ಲವನ್ನೂ ಹೆಸರಿಸುತ್ತದೆ. ಪಾಸ್‌ಬುಕ್ಕಿನ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಕೈಯಲ್ಲಿ ಕಾಸಿಲ್ಲದವಳು ಬಸ್‌ ನಿಲ್ದಾಣದವರೆಗೂ ಹೋಗಲಾರಳು.

ಇನ್ನು ಅವಳನ್ನು ತಲುಪುವುದು ಹೇಗೆ? ಹದಿನಾಲ್ಕೂ ಮಂದಿ ಹೋಗಬೇಡಿ. ಒಬ್ಬಳು ಸಾಕು. ಅವಳಿಗೆ ಯಾರೊಂದಿಗೆ ಸಲಿಗೆಯಿದೆಯೋ ಅವಳು, ಬಾಯಿ ಬಿಗಿಹಿಡಿಯಬಲ್ಲವಳು. ಆ ಮನೆಗೆ ಹೋದರೆ ಅವನಿಗೆ ಅನುಮಾನ ಬಾರದವರು ಯಾರು ಎಂದು ಯೋಚಿಸಿ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗುವುದು ಅವಳ ಕೆಲಸವೇ. ಚಿಕ್ಕ ಮಗು ಅಂಗನವಾಡಿಗೆ ಬರುತ್ತಿದ್ದರೆ ಅಲ್ಲಿ ಹತ್ತು ನಿಮಿಷ ಸಿಗುತ್ತದೆ. ರೇಷನ್ ಅಂಗಡಿಯ ಸಾಲು, ಮಗುವಿನ ಚುಚ್ಚುಮದ್ದಿನ ದಿನ, ಮೆಣಸಿನಕಾಯಿ ಕೆಲಸಕ್ಕೆ ಹೋಗುವ ಟಂಟಂ ಗಾಡಿ, ಇವೆಲ್ಲ ಮಾತಿಗೆ ಸಿಗುವ ಜಾಗಗಳೇ. ಸಿಕ್ಕಾಗ ಮೊದಲ ದಿನವೇ ಎಲ್ಲ ಕೇಳಬೇಡಿ. ‘ನಿನ್ನ ನೆನಪು ಬರತೈತಿ, ನಿನ್ನ ಮ್ಯಾಲೆ ಸಿಟ್ಟಿಲ್ಲ, ಆವತ್ತು ನಿನ್ನ ಕೇಳದೆ ಮಾಡಿದ್ವಿ, ಈಗ ನೀ ಹೇಳಿದಂಗ ಮಾಡ್ತೀವಿ’ ಎಂದಷ್ಟು ಹೇಳಿದರೂ ಸಾಕು. ಯಾಕೆ ಬಿಟ್ಟು ಬರುವುದಿಲ್ಲ, ಯಾಕೆ ತಿರುಗಿ ಬೀಳುವುದಿಲ್ಲ, ನೀನೇನಾದರೂ ಅಂದೆಯಾ, ಇಂಥ ಪ್ರಶ್ನೆಗಳು ಬೇಡವೇ ಬೇಡ. ಅವು ಅವಳನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತವೆ. ಅವಳು ಏನೂ ಹೇಳದೆ ಹೋದರೂ ಬೇಸರಿಸಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡ ಹೆಂಗಸರಲ್ಲಿ ಶೇ 77ರಷ್ಟು ಮಂದಿ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಕೊಂಡೂ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದ ನಿಮ್ಮ ತಂಗಿ ಆ ಲೆಕ್ಕದಲ್ಲಿ ಒಬ್ಬಳು.

ಮಾತು ಬೆಳೆದಂತೆ ಕೆಲವು ಏರ್ಪಾಟುಗಳನ್ನು ಅವಳೊಂದಿಗೇ ಕೂತು ಮಾಡಿಕೊಳ್ಳಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಜನನ ಪ್ರಮಾಣಪತ್ರ, ಇವುಗಳ ಜೆರಾಕ್ಸ್ ನಿಮ್ಮಲ್ಲಿ ಯಾರಾದರೊಬ್ಬರ ಮನೆಯಲ್ಲಿರಲಿ. ಒಂದು ಜೊತೆ ಬಟ್ಟೆ, ಸ್ವಲ್ಪ ಹಣವೂ ಇರಲಿ. ರಾತ್ರಿ ಓಡಿಬಂದರೆ ಯಾರ ಬಾಗಿಲು ಎಂಬುದು ಇಂದೇ ನಿಶ್ಚಯವಾಗಿರಬೇಕು, ಆ ಮನೆಯ ಗಂಡಸಿಗೂ ಅದು ತಿಳಿದಿರಬೇಕು. ಎರಡು ಫೋನ್ ನಂಬರುಗಳನ್ನು ಅವಳು ಬಾಯಿಪಾಠ ಮಾಡಲಿ. ಮಕ್ಕಳಲ್ಲಿ ದೊಡ್ಡದಕ್ಕೆ, ಹೊಡೆತದ ನಡುವೆ ಹೋಗಬೇಡ, ನೆಟ್ಟಗೆ ಇಂಥವರ ಮನೆಗೆ ಓಡು ಎಂದು ಕಲಿಸಿರಲಿ. ನಿಮ್ಮ ನಡುವೆ ಒಂದು ಗುರುತೂ ಬೇಕು: ಹಿತ್ತಿಲ ಹಗ್ಗದ ಮೇಲೆ ಇಂಥ ಬಣ್ಣದ ಬಟ್ಟೆ ಕಂಡರೆ ಯಾರಾದರೂ ಬನ್ನಿ ಎಂದರ್ಥ, ಹಾಗೆ. ಅದು ಯಾವುದಿರಬೇಕೆಂದು ಅವಳೇ ಆರಿಸಲಿ.

ಮತ್ತೆ ಕೂಗು ಕೇಳಿದರೆ? ಆಗಲೂ ಬಾಗಿಲು ತಟ್ಟಬೇಕು. 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಅಭಿಯಾನ ಶುರುಮಾಡಿತು. ಪಕ್ಕದ ಮನೆಯಲ್ಲಿ ಹೆಣ್ಣಿನ ಅಳು ಕೇಳಿದ ಗಂಡಸು ಹೋಗಿ ಬೆಲ್ ಒತ್ತಿ, ಹಾಲು ಇದೆಯೇ, ಒಂದು ಫೋನ್ ಮಾಡಿಕೊಳ್ಳಲೇ ಎಂದು ಏನೋ ನೆಪ ಕೇಳುತ್ತಾನೆ. ಆ ಜಾಹೀರಾತುಗಳು ತೋರಿಸಿದ್ದು ಇಷ್ಟೇ. ಬೈಗುಳ, ಪಂಚಾಯಿತಿ ಯಾವುದೂ ಇಲ್ಲ. ಹೊರಗೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಒಳಗಿನವನಿಗೆ ಗೊತ್ತಾಗುತ್ತದೆ, ಎತ್ತಿದ ಕೈ ಇಳಿಯುತ್ತದೆ, ಅವನ ಮಾನಕ್ಕೂ ಪೆಟ್ಟು ಬೀಳುವುದಿಲ್ಲ. ನೀವೂ ಚಿಲಕ ಬಡಿದು, ಮೊಸರಿಗೆ ಹೆಪ್ಪು ಬೇಕಿತ್ತು ಎನ್ನಿ, ಮಗುವಿಗೆ ಜ್ವರ, ಮಾತ್ರೆ ಇದೆಯೇ ಎನ್ನಿ. ಒಬ್ಬರೇ ಹೋಗಬೇಡಿ, ಹಾಗಂತ ಮೆರವಣಿಗೆಯೂ ಬೇಡ. ನಿಮ್ಮ ಹಿಂದೆ ಇನ್ನಿಬ್ಬರು ಕತ್ತಲಲ್ಲಿ ಫೋನು ಹಿಡಿದು ನಿಂತಿರಲಿ.

ಪೊಲೀಸರಿಗೆ ನೀವೇ ದೂರು ಕೊಡಬೇಕೇ ಎಂದು ಕೇಳಿದಿರಿ. ಕುತ್ತಿಗೆಗೆ ಕೈ ಹಾಕಿದರೆ, ಕುಡುಗೋಲೋ ಕೊಡಲಿಯೋ ಎತ್ತಿದರೆ, ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿಯುತ್ತೇನೆಂದು ಹೆದರಿಸಿದರೆ, ಬಸುರಿಯನ್ನು ಹೊಡೆದರೆ ಯಾರನ್ನೂ ಕೇಳುತ್ತ ಕೂರಬೇಡಿ, ಆ ಕ್ಷಣವೇ 112ಕ್ಕೆ ಫೋನ್ ಮಾಡಿ. ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವರ್ಷಗಟ್ಟಲೆ ಮಂಚದಿಂದ ಮಂಚಕ್ಕೆ ಓಡಾಡಿ, ಸ್ಟವ್ ಸಿಡಿದು ಆದ ಆಕಸ್ಮಿಕ ಎಂದು ಬರೆದುಕೊಂಡಿದ್ದ ಸಾವುಗಳನ್ನು ಪ್ರಶ್ನಿಸಿದರು. ಅಂಥ ವಾರ್ಡಿಗೆ ಹೋದ ಮೇಲೆ ಯಾವ ಸಂಘ ಬಂದರೂ ಏನು ಮಾಡೀತು? ಆದ್ದರಿಂದ ಜೀವದ ಪ್ರಶ್ನೆ ಬಂದಾಗ ಅವಳ ಒಪ್ಪಿಗೆಗೆ ಕಾಯಬಾರದು. ಉಳಿದ ದಿನಗಳಲ್ಲಿ ಮಾತ್ರ ಕಾಯಬೇಕು. ಅವಳಿಗೆ ತಿಳಿಯದೆ ಪೊಲೀಸರು ಬಂದು, ಅವನಿಗೆ ಬುದ್ಧಿ ಹೇಳಿ ಹೋದರೆ ದೀಪಾವಳಿ ಆದ ಮೇಲಿನ ಆ ರಾತ್ರಿಯ ಕಥೆಯೇ ಮತ್ತೆ.

ಅವಳಿಗೆ ಗೊತ್ತಿಲ್ಲದಿರಬಹುದಾದ ಒಂದು ಸಂಗತಿಯನ್ನು ನೀವು ಹೇಳಬಹುದು. ಕಾನೂನಿನ ಮೊರೆ ಹೋಗುವುದೆಂದರೆ ಗಂಡನನ್ನು ಜೈಲಿಗೆ ಕಳಿಸುವುದು, ಇಲ್ಲವೇ ಸೋಡಚೀಟಿ ಎಂದು ಬಹಳ ಹೆಂಗಸರು ತಿಳಿದಿದ್ದಾರೆ. 2005ರ ಕಾಯ್ದೆ ಹಾಗಿಲ್ಲ. ಮದುವೆ ಮುರಿಯದೆ, ಮನೆ ಬಿಡದೆ, ಹೊಡೆಯಕೂಡದು ಎಂಬ ಆದೇಶವನ್ನು ಮ್ಯಾಜಿಸ್ಟ್ರೇಟರಿಂದ ಪಡೆಯಬಹುದು. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಂದಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಮನೆ ಮಾವನ ಹೆಸರಿನಲ್ಲಿದ್ದರೂ ಅದನ್ನು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬೇಕಾದರೆ ಅವನನ್ನೇ ಹೊರಗಿರಲು ಹೇಳುವ ಅಧಿಕಾರ ನ್ಯಾಯಾಲಯಕ್ಕಿದೆ. ಖರ್ಚಿನ ಹಣ, ಮಕ್ಕಳು ಯಾರ ಬಳಿ ಇರಬೇಕು ಎಂಬುದು, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ. ಆ ಮುಚ್ಚಳಿಕೆಗೆ ಇಲ್ಲದ ಹಲ್ಲು ಇದಕ್ಕಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನಕ್ಕೆ ಅರವತ್ತು ದಿನ ಎಂದು ಕಾಯ್ದೆ ಹೇಳುತ್ತದಾದರೂ ಕೋರ್ಟುಗಳಲ್ಲಿ ಅಷ್ಟು ಬೇಗ ಆಗುವುದು ಅಪರೂಪ. ಅದನ್ನೂ ಅವಳಿಗೆ ಮುಚ್ಚಿಡದೆ ಹೇಳಿ. ಮಧ್ಯಂತರ ಆದೇಶ ಕೇಳಬಹುದೆಂಬುದನ್ನೂ ಹೇಳಿ. ಅವಳು ಕ್ರಿಮಿನಲ್ ದೂರನ್ನೇ ಕೊಡಬಯಸಿದರೆ, ಹಿಂದೆ 498ಎ ಎನ್ನುತ್ತಿದ್ದುದು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ. ಅದು ಬೇರೆ ದಾರಿ, ಅವಳು ಆರಿಸಿಕೊಂಡರೆ ಮಾತ್ರ.

ನಿಮ್ಮಂಥವರಿಗೂ ಈ ಕಾಯ್ದೆಯಲ್ಲಿ ಜಾಗವಿದೆ. ಒಬ್ಬ ಹೆಣ್ಣಿಗೆ ಹಿಂಸೆಯಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ ಎಂದು 4ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಗಂಡಂದಿರಿಗೆ ಈ ಮಾತನ್ನು ಓದಿ ಹೇಳಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ನಿಮ್ಮ ಅಂಗನವಾಡಿ ಕಾರ್ಯಕರ್ತೆ ಸಭೆಗೆ ಹೋಗುವ ಅದೇ ಕಚೇರಿ. ಜಿಲ್ಲಾ ಕೇಂದ್ರದ ‘ಸಖಿ’ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ಮತ್ತು ವಕೀಲರ ನೆರವು ಒಂದೇ ಕಡೆ ಸಿಗುತ್ತದೆ, ಮಕ್ಕಳೊಂದಿಗೆ ಕೆಲವು ದಿನ ಉಳಿಯಲೂಬಹುದು. 181ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಅದಕ್ಕೆ ಕಾನೂನು ಸೇವೆಗಳ ಪ್ರಾಧಿಕಾರದ 15100. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋಗಲು ಈಗ ಟಿಕೆಟ್ ದುಡ್ಡು ಬೇಡ, ಗುರುತಿನ ಚೀಟಿ ಸಾಕು. ಮೂಲ ಆಧಾರ್ ಅವನ ಪೆಟ್ಟಿಗೆಯಲ್ಲಿದ್ದರೆ ಅದನ್ನು ಹೊರತರುವುದೇ ಮೊದಲ ಕೆಲಸ. ಆಸ್ಪತ್ರೆಗೆ ಹೋದಾಗ ಗಂಡ ಹೊಡೆದದ್ದು ಎಂದು ಡಾಕ್ಟರಿಗೆ ಹೇಳಿ ಬರೆಸುವುದು ಮುಖ್ಯ. ಮುಂದೆ ಕೋರ್ಟಿನಲ್ಲಿ ಆ ಚೀಟಿಯೇ ಸಾಕ್ಷಿ.

ಒಂದು ಎಚ್ಚರಿಕೆ. ಹೆಣ್ಣು ಬಿಟ್ಟು ಹೋಗಲು ಹೊರಟಾಗ, ಬಿಟ್ಟು ಹೋದ ಮೊದಲ ವಾರಗಳಲ್ಲಿ ಅಪಾಯ ಇನ್ನೂ ಹೆಚ್ಚುತ್ತದೆ. ಅವಳು ಹೊರಡುವ ದಿನ ಯಾವುದು ಎಂದು ನಿಮ್ಮಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಗೊತ್ತಿರಬಾರದು. ಅವಳು ಹೊರಟು, ಹದಿನೈದು ದಿನಕ್ಕೆ ಮತ್ತೆ ಅವನ ಬಳಿಗೇ ಬರಲೂಬಹುದು. ಮಕ್ಕಳ ಶಾಲೆ, ತವರಿನ ತಾತ್ಸಾರ, ಅವನ ಕಣ್ಣೀರು, ಅವನ ಮೇಲೆ ಉಳಿದಿರುವ ಪ್ರೀತಿ, ಎಷ್ಟೋ ಕಾರಣಗಳು. ಆಗ ಇವಳಿಗಾಗಿ ಇಷ್ಟೆಲ್ಲ ಮಾಡಿದೆವು ಎಂದು ಮುಖ ತಿರುಗಿಸಿದರೆ ಮುಂದಿನ ಸಲ ಅವಳು ನಿಮ್ಮ ಬಾಗಿಲಿಗೆ ಬರುವುದಿಲ್ಲ. ನನ್ನ ಬಳಿ ಬರುವ ಎಷ್ಟೋ ಹೆಂಗಸರು ಹೀಗೆ ಹೋಗಿ ಬಂದು, ಹೋಗಿ ಬಂದು, ಕೊನೆಗೊಮ್ಮೆ ಗಟ್ಟಿಯಾದವರು.

ಸಂಘವಾಗಿ ನಿಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಉಳಿತಾಯ ಕಟ್ಟಿಲ್ಲವೆಂದು ಅವಳ ಹೆಸರು ಹೊಡೆದುಹಾಕಬೇಡಿ. ವಾರದ ಕಂತನ್ನು ಹದಿನಾಲ್ಕು ಮಂದಿ ಹಂಚಿಕೊಂಡು ಕಟ್ಟಬಹುದೇ ನೋಡಿ. ತಾನು ದುಡಿದ ಮೆಣಸಿನಕಾಯಿ ಕೂಲಿ ಅವಳ ಕೈಗೇ ಬರುವಂತೆ ಮೇಸ್ತ್ರಿಯೊಂದಿಗೆ ಮಾತಾಡಬಹುದು. ಹೊಸ ಖಾತೆ ತೆರೆಯುವುದಿದ್ದರೆ ಬ್ಯಾಂಕಿನ ಸಂದೇಶಗಳು ಅವನ ಕೈಯಲ್ಲಿರುವ ಫೋನಿಗೆ ಹೋಗದಂತೆ ನೋಡಿಕೊಳ್ಳಿ. ಅವಳು ಠಾಣೆಗೋ ಕೋರ್ಟಿಗೋ ಹೋಗುವ ದಿನ ಸರದಿಯ ಮೇಲೆ ಇಬ್ಬರು ಜೊತೆಗೆ ಹೋಗಿ. ವಕೀಲರ ಮಾತು ಅರ್ಥವಾಗದಿದ್ದರೂ ಪಕ್ಕದಲ್ಲಿ ಕೂತಿರಿ. ಒಂಟಿ ಹೆಂಗಸಿಗೆ ನಾಳೆ ಬಾ ಎನ್ನುವ ಕಚೇರಿಗಳು ಮೂವರು ಒಟ್ಟಿಗೆ ಕೂತರೆ ಕುರ್ಚಿ ಕೊಡುತ್ತವೆ.

ಗಂಡಸರನ್ನು ಪೂರ್ತಿ ಹೊರಗಿಡಬೇಡಿ. ಅವನು ಮರ್ಯಾದೆ ಕೊಡುವ ಒಬ್ಬ ಗಂಡಸು ಊರಲ್ಲಿ ಇದ್ದೇ ಇರುತ್ತಾನೆ. ಅವಳು ಒಪ್ಪಿದರೆ ಮಾತ್ರ, ಆ ಒಬ್ಬ ಅವನೊಂದಿಗೆ ಒಂಟಿಯಾಗಿ ಕೂತು, ನೀ ಮಾಡೋದು ನನಗ ಗೊತ್ತೈತಿ, ಅದು ತಪ್ಪು, ನಿಲ್ಲಿಸು ಎಂದು ಹೇಳಲಿ. ಅವಳು ದೂರಿದಳು ಎಂಬ ಸುಳಿವೂ ಆ ಮಾತಿನಲ್ಲಿ ಇರಬಾರದು. ಅಣ್ಣನ ವಿಷಯವೂ ಅಷ್ಟೇ. ಹೊಂದಿಕೊಂಡು ಹೋಗಲಿ ಎನ್ನುವ ಅಣ್ಣನಿಗೆ ಎರಡು ಮಕ್ಕಳೊಂದಿಗೆ ತಂಗಿ ಬಂದರೆ ಸಾಕುವುದು ಹೇಗೆ ಎಂಬ ಹೆದರಿಕೆ ಇರಬಹುದು. ಖರ್ಚಿಗೆ ಕೋರ್ಟು ಗಂಡನಿಂದಲೇ ಹಣ ಕೊಡಿಸಬಹುದು ಎಂದು ತಿಳಿದರೆ ಅವನ ಮಾತು ಬದಲಾಗಲೂಬಹುದು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ಶೇ 44.4. ಇಡೀ ದೇಶದ ಸರಾಸರಿ ಶೇ 29.3. ಹದಿನೈದು ಜನರ ನಿಮ್ಮ ಸಂಘದಲ್ಲಿ ಇದು ಒಬ್ಬಳ ಮನೆಯ ಕಥೆ ಮಾತ್ರ ಆಗಿರಲಾರದು. ಈ ತಂಗಿಗಾಗಿ ಓಡಾಡುವಾಗ ನಿಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಲೆಕ್ಕ ಬರೆಸುವವಳೊಬ್ಬಳು ಎಲ್ಲವನ್ನೂ ಸುಮ್ಮನೆ ಗಮನಿಸುತ್ತಿರುತ್ತಾಳೆ. ಇವಳ ಗುಟ್ಟನ್ನು ನೀವು ಕಾಪಾಡಿದಿರೋ ಇಲ್ಲವೋ, ಇವಳನ್ನು ನಂಬಿದಿರೋ ಇಲ್ಲವೋ ಎಂದು ನೋಡಿ, ತಾನು ಬಾಯಿ ಬಿಡಬೇಕೋ ಬೇಡವೋ ಎಂದು ಅವಳು ತೀರ್ಮಾನಿಸುತ್ತಾಳೆ.

ಬರುವ ವಾರ ನಿಮ್ಮಲ್ಲಿ ಇಬ್ಬರು ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಿ ಬನ್ನಿ. ಅವಳ ಹೆಸರು, ಓಣಿ ಯಾವುದನ್ನೂ ಹೇಳಬೇಡಿ. ಡಿಐಆರ್, ಅಂದರೆ ಕೌಟುಂಬಿಕ ಹಿಂಸೆಯ ವರದಿ ಬರೆಯುವವರು ಯಾರು, ಯಾವ ದಿನ ಸಿಗುತ್ತಾರೆ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು, ಸಖಿ ಕೇಂದ್ರಕ್ಕೆ ಕರೆದೊಯ್ಯಲು ವಾಹನ ಕಳಿಸುತ್ತಾರೆಯೇ, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಅಷ್ಟರಲ್ಲಿ ಆಶಾ ಕಾರ್ಯಕರ್ತೆಯೊಂದಿಗೂ ಮಾತಾಡಿ, ಆ ಕುತ್ತಿಗೆಯ ಗುರುತನ್ನು ಅವಳು ಒಮ್ಮೆ ಹತ್ತಿರದಿಂದ ನೋಡಿ ಬರಲಿ.